ಯಂತ್ರದ ಸಂಖ್ಯೆ: ಕಿಟಕಿ

ಕಳೆದ ತಿಂಗಳು ನಮ್ಮ ಕೇಂದ್ರಕ್ಕೆ ಮೌಲ್ಯಮಾಪನದ ತಂಡ ಬಂದಿತ್ತು. ಗೇಟಿಗೆ ಬಣ್ಣ, ಮೆಟ್ಟಿಲಿಗೆ ರಂಗೋಲಿ, ವರ್ಷಗಟ್ಟಲೆ ನೀರು ಕಾಣದ ಕೊಳಾಯಿಗೆ ಹೊಸ ನಲ್ಲಿ. ಬಂದ ಮೂವರು ಹಿರಿಯರಲ್ಲಿ ಒಬ್ಬರು ನಮ್ಮ ವರದಿಯ ಒಂದು ಪುಟದಲ್ಲಿ ಬೆರಳಿಟ್ಟು, ಕನ್ನಡಕ ಮೇಲೇರಿಸಿ, 'ಇದು ಬಹಳ ಚೆನ್ನಾಗಿದೆ' ಅಂದರು. ನಮ್ಮ ನಿರ್ದೇಶಕರು ಎದೆಯ ಮೇಲೆ ಕೈಯಿಟ್ಟುಕೊಂಡು ಬಾಗಿದರು. ಆ ಪುಟ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಅದರ ತಲೆಬರಹ ಇಷ್ಟು: ಸಂತೆಯ ದಿನದ ಕಂಪ್ಯೂಟರ್ ಸಹಾಯ ಕೇಂದ್ರ, ಬದಲಾಗುವ ಬಳಕೆದಾರರ ಅಗತ್ಯಕ್ಕೆ ನಮ್ಮ ಸ್ಪಂದನೆ.

ನಮ್ಮದಂತೆ, ಸ್ಪಂದನೆಯಂತೆ! ನಾನು ಪಕ್ಕದಲ್ಲೇ ಫೈಲು ಹಿಡಿದು ನಿಂತಿದ್ದೆ. ಆ ಪುಟ ಟೈಪ್ ಮಾಡಿದ್ದು ನಾನೇ. ಎರಡು ವರ್ಷದ ಹಿಂದೆ, ಅದೇ ಸಂತೆಯ ದಿನ ಬೀಗ ತೆಗೆದ ತಪ್ಪಿಗೆ ಒಬ್ಬಳಿಗೆ ನೋಟಿಸು ಟೈಪ್ ಮಾಡಿದ್ದೂ ನಾನೇ. ಎರಡಕ್ಕೂ ಸಹಿ ಹಾಕಿದ್ದು ಒಬ್ಬರೇ ನಿರ್ದೇಶಕರು. ಆಕೆಯ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ನನ್ನ ಈ ಸಿಟ್ಟು ತಣಿಯುವುದಿಲ್ಲ.

ನಮ್ಮದು ಚಳ್ಳಕೆರೆಯ ಹೊರಗೆ ಇರುವ, ವಿಶ್ವವಿದ್ಯಾಲಯವೊಂದರ ಸಣ್ಣ ಸ್ನಾತಕೋತ್ತರ ಕೇಂದ್ರ. ನಾನು ಅಲ್ಲಿ ಆಡಳಿತ ವಿಭಾಗದ ಸೂಪರಿಂಟೆಂಡೆಂಟ್. ಆಕೆ ಕಂಪ್ಯೂಟರ್ ಕೋಣೆಯ ಸಹಾಯಕಿ, ಹೊರಗುತ್ತಿಗೆಯವಳು. ಅಂದರೆ ಹನ್ನೊಂದು ತಿಂಗಳಿಗೊಮ್ಮೆ ಕೆಲಸ ಇದೆಯೋ ಇಲ್ಲವೋ ಎಂದು ನನ್ನ ಮೇಜಿನ ಮುಂದೆ ಬಂದು ನಿಲ್ಲಬೇಕಾದವಳು. ಮೊಳಕಾಲ್ಮೂರಿನ ನೇಕಾರರ ಮನೆಯ ಹೆಣ್ಣು. ತನ್ನ ಅವ್ವನ ಜೊತೆ ಫೋನಿನಲ್ಲಿ ತೆಲುಗು, ನಮ್ಮ ಜೊತೆ ಕನ್ನಡ, ಕೆಟ್ಟುಹೋದ ಪ್ರಿಂಟರಿನ ಜೊತೆ ಎರಡೂ ಕಲಸಿದ ಬೈಗುಳ.

ಆಕೆ ಬಂದಾಗ ಇಪ್ಪತ್ತು ಕಂಪ್ಯೂಟರಿದ್ದವು, ನಡೆಯುತ್ತಿದ್ದವು ಏಳು. ಮೊದಲ ವಾರವೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಕೆಳಗೆ ನುಸುಳಿದಳು. ಒಂದು ಗಂಟೆ ಕಾಲು ಮಾತ್ರ ಕಾಣುತ್ತಿತ್ತು. ಹೊರಗೆ ಬಂದವಳ ತಲೆ ತುಂಬ ಧೂಳು, ಕೈಯಲ್ಲಿ ಇಲಿ ಕಡಿದ ಒಯರು.

"ಹದಿಮೂರಕ್ಕೂ ಇದೊಂದೇ ಕಾಯ್ಲೆ ಮೇಡಂ. ದಾರ ಕಡಿದೈತೆ, ಅಷ್ಟೇ. ನಮ್ಮನ್ಯಾಗೆ ಮಗ್ಗದ ಮ್ಯಾಲೆ ದಿನಕ್ಕೆ ನೂರು ಎಳೆ ಕಡೀತಾವೆ. ಕೂಡಿಸ್ತೀವಿ, ನೇಯ್ತೀವಿ. ಇವರು ಮಗ್ಗನೇ ಮೂಲೆಗೆ ಹಾಕ್ಯಾರೆ."

ಎಳೆ ಹುಡುಕುವ ಬೆರಳು ಅವು. ಒಯರಿನ ಮೇಲೆ ಕಣ್ಣುಮುಚ್ಚಿ ಬೆರಳಾಡಿಸಿ, 'ಇಲ್ಲಿ' ಅನ್ನುತ್ತಿದ್ದಳು. ಹದಿನೈದು ದಿನದಲ್ಲಿ ಇಪ್ಪತ್ತೂ ನಡೆದವು. ಅದಕ್ಕೂ ನಿರ್ದೇಶಕರು ಒಂದು ಒಳ್ಳೆಯ ಮಾತಾಡಲಿಲ್ಲ. ಅದನ್ನೂ ಈಗಲೇ ಹೇಳಿಬಿಡುತ್ತೇನೆ, ಮರೆತೀನು.

ಆಗೆಲ್ಲ ಹುಡುಗರು ಬರುತ್ತಿದ್ದದ್ದು ಪ್ರಬಂಧ ಟೈಪ್ ಮಾಡಲಿಕ್ಕೆ, ಫಲಿತಾಂಶ ನೋಡಲಿಕ್ಕೆ. ಆಕೆಗೆ ಒಂದು ಹಟವಿತ್ತು. ಎಂಥ ಅವಸರವಿದ್ದರೂ, ಹುಡುಗ ಎಷ್ಟೇ ತಡಕಾಡಿದರೂ, ಆಕೆ ಮೌಸು ಮುಟ್ಟುತ್ತಿರಲಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊಣಕೈ ಎರಡೂ ಕಡೆಗೆ ಚಾಚಿ, ಕುರ್ಚಿಯ ಹಿಂದೆ ನಿಂತುಬಿಡುತ್ತಿದ್ದಳು. 'ಅಕ್ಕಾ, ನೀವೇ ಒಂದು ಸಲ ಮಾಡಿಕೊಡಿ' ಎಂದು ಯಾರಾದರೂ ಅಂದರೆ ಮುಗಿಯಿತು.

"ನಾನೇನು ನಿಮ್ಮವ್ವನಾ, ತುತ್ತು ಮಾಡಿ ಬಾಯಿಗೆ ಇಡಾಕೆ? ನೀನೇ ಒತ್ತು. ತಪ್ಪಾದ್ರೆ ಆಗ್ಲಿ, ನಾನು ಇಲ್ಲೇ ನಿಂತೀನಲ್ಲ."

ಬೈಗುಳ ತಿಂದ ಹುಡುಗರೇ ಮರುದಿನ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಿದ್ದರು. ನನಗೂ ಅಷ್ಟೆ. ಸಂಬಳದ ಪಟ್ಟಿಯ ತಂತ್ರಾಂಶ ಬಂದಾಗ ನಾನು ನನ್ನ ಕೆಲಸ ಬಿಟ್ಟು ಓಡಿಹೋಗುವ ಹಂತದಲ್ಲಿದ್ದೆ. ನನ್ನ ಕುರ್ಚಿಯ ಹಿಂದೆಯೂ ಮೂರು ದಿನ ಕೈಕಟ್ಟಿ ನಿಂತಿದ್ದಳು. 'ಒತ್ರಿ ಮೇಡಂ, ಕಚ್ಚಲ್ಲ ಅದು.' ಇವತ್ತು ನಾನು ಟೈಪ್ ಮಾಡುವ ಪ್ರತಿ ಅಕ್ಷರದ ಹಿಂದೆ ಆ ಮೂರು ದಿನ ಇದೆ. ಆಕೆಯ ನೋಟಿಸಿನ ಅಕ್ಷರಗಳ ಹಿಂದೆ ಕೂಡ.

ಆಮೇಲೆ ಕಾಲ ತಿರುಗಿತು. ಹುಡುಗರ ಕೈಗೆ ಫೋನು ಬಂತು. ಶುಲ್ಕ, ಹಾಜರಾತಿ, ಪರೀಕ್ಷೆಯ ಅರ್ಜಿ, ಎಲ್ಲವೂ ಫೋನಿನಲ್ಲೇ. ಇಪ್ಪತ್ತು ಕಂಪ್ಯೂಟರಿನ ಮುಂದೆ ಇಬ್ಬರೋ ಮೂವರೋ. ಆದರೆ ಕೋಣೆಯ ಕಿಟಕಿಯ ಹೊರಗೆ, ಹೊಂಗೆಮರದ ನೆರಳಿನಲ್ಲಿ, ಫೋನು ಹಿಡಿದುಕೊಂಡು ನಿಂತವರ ಸಾಲು. ಆ್ಯಪು ತೆರೆಯುತ್ತಿಲ್ಲ, ಫೋಟೊ ಏರುತ್ತಿಲ್ಲ, ಪಾಸ್‌ವರ್ಡ್ ಮರೆತೆ, ಹೀಗೆ. ಆಕೆ ಎರಡು ದಿನ ನೋಡಿದಳು. ಮೂರನೆಯ ದಿನ ತನ್ನ ಮೇಜನ್ನು ದರದರ ಎಳೆದು ಕಿಟಕಿಗೆ ಹಚ್ಚಿದಳು. ಹೊರಗೆ ಮರದ ಕೆಳಗೆ ಹಳೆಯ ಬೆಂಚು ಹಾಕಿಸಿದಳು. ಇಷ್ಟಕ್ಕೆ ಸಭೆ ಆಗಲಿಲ್ಲ, ಸಮಿತಿ ಆಗಲಿಲ್ಲ. ಬೇಡಿಕೆ ಕೋಣೆಯಿಂದ ಮರದ ಕೆಳಗೆ ಹೋಯಿತು, ಆಕೆ ಹಿಂದೆಯೇ ಹೋದಳು.

ತಿಂಗಳ ಕೊನೆಗೆ ಬಳಕೆಯ ರಿಜಿಸ್ಟರು ನನ್ನ ಮೇಜಿಗೆ ಬರಬೇಕು. ಹೆಸರು, ತರಗತಿ, ಬಂದ ಸಮಯ, ಯಂತ್ರದ ಸಂಖ್ಯೆ. ಆ ತಿಂಗಳು ನೋಡುತ್ತೇನೆ, ಪುಟಗಟ್ಟಲೆ ಯಂತ್ರದ ಸಂಖ್ಯೆಯ ಜಾಗದಲ್ಲಿ 'ಕಿಟಕಿ', 'ಕಿಟಕಿ', 'ಕಿಟಕಿ'. ಕರೆಸಿದೆ.

"ಏನಮ್ಮಾ ಇದು, ತಮಾಷೆನಾ?"

"ತಮಾಷೆ ಯಾಕ್ ಮೇಡಂ? ಮಿಷಿನ್ನು ಅವರ ಕೈಯಾಗೇ ಐತೆ. ಅವರು ಬರೋದು ಕಿಟಕಿಗೆ. ಇನ್ನೇನ್ ಬರೀಲಿ?"

"ಈ ನಮೂನೆಯಲ್ಲಿ ಒಂದರಿಂದ ಇಪ್ಪತ್ತರ ತನಕ ಮಾತ್ರ ಬರೆಯಬೇಕು."

"ಹಂಗಾದ್ರೆ ನಮೂನೆ ಬದಲಾಯಿಸ್ರಿ. ಹುಡುಗ್ರು ಬದಲಾದ್ರು, ನಾನು ಬದಲಾದೆ, ಅದೊಂದು ಹಾಳೆ ಬದಲಾಗಾಕೆ ಏನ್ ದಾಡಿ?"

ನಾನು ಏನು ಮಾಡಿದೆ ಗೊತ್ತೇ? ಕಿಟಕಿಯವರನ್ನೆಲ್ಲ ಬಿಟ್ಟು, ಒಳಗೆ ಬಂದವರನ್ನಷ್ಟೇ ಎಣಿಸಿ ಮುಖ್ಯ ಕ್ಯಾಂಪಸ್ಸಿಗೆ ಕಳಿಸಿದೆ. ನಮೂನೆ ಹಾಗಿತ್ತು, ನಾನು ನಮೂನೆಯ ಮಗಳು. ಮೇಲಿನವರ ಲೆಕ್ಕದಲ್ಲಿ ಆಕೆ ದಿನವಿಡೀ ಖಾಲಿ ಕೋಣೆಯಲ್ಲಿ ನೊಣ ಹೊಡೆಯುತ್ತಿದ್ದಳು.

ಇನ್ನು ಆ ಮುದುಕನ ವಿಷಯ. ಮುದುಕ ಅಂದರೆ ಅಷ್ಟೇನೂ ವಯಸ್ಸಲ್ಲ, ಬಿಸಿಲು ಮಾಗಿಸಿದ ಮುಖ. ಉಳ್ಳಾರ್ತಿ ಕಾವಲಿನ, ಅಂದರೆ ಅಲ್ಲಿನ ದೊಡ್ಡ ಹುಲ್ಲುಗಾವಲಿನ, ಅಂಚಿನ ಹಟ್ಟಿಯವನು, ಕುರಿ ಕಾಯುವವನು. ಅವನ ಮಗಳು ನಮ್ಮಲ್ಲಿ ಎಂ.ಎ. ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದಳು. ಆ ವರ್ಷ ಪರೀಕ್ಷೆಯ ಅರ್ಜಿಗೆ ಹೊಸ ವ್ಯವಸ್ಥೆ ಬಂದಿತ್ತು. ದಾಖಲಾಗುವಾಗ ಕೊಟ್ಟ ನಂಬರಿಗೆ ಆರು ಅಂಕಿಯ ಓಟಿಪಿ ಬರುತ್ತದೆ, ಅದನ್ನು ಹತ್ತು ನಿಮಿಷದೊಳಗೆ ಒತ್ತಬೇಕು. ಮನೆಗೆಲ್ಲ ಇದ್ದ ಒಂದೇ ಫೋನು ಅಪ್ಪನ ಕೈಯಲ್ಲಿ, ಅಪ್ಪ ಕುರಿಯ ಹಿಂದೆ, ಕುರಿ ಸಿಗ್ನಲ್ ಇಲ್ಲದ ಹುಲ್ಲಿನಲ್ಲಿ. ಹುಡುಗಿ ಗೆಳತಿಯ ಫೋನಿನಿಂದ ಅರ್ಜಿ ತುಂಬುವುದು, ಓಟಿಪಿ ಕಾವಲಿಗೆ ಹೋಗುವುದು, ಇಲ್ಲಿ ಸಮಯ ಮುಗಿಯುವುದು. ಮೂರು ಸಲ ಹೀಗಾಯಿತು. ನಂಬರು ಬದಲಾಯಿಸಬೇಕಾದರೂ ಹಳೆಯ ನಂಬರಿಗೇ ಓಟಿಪಿ! ಇದನ್ನು ಯೋಚಿಸಿ ಮಾಡಿದ ಪುಣ್ಯಾತ್ಮ ಯಾರೋ, ಅವನು ಕುರಿ ನೋಡಿರಲಾರ. ಆ ಹುಡುಗಿಯ ಸೋದರಮಾವ ಆಗಲೇ ಗಂಡು ಹುಡುಕಿ ಇಟ್ಟಿದ್ದ. ಅರ್ಜಿ ತಪ್ಪಿದರೆ ಒಂದು ವರ್ಷ ಹೋಗುವುದಲ್ಲ, ಓದೇ ಹೋಗುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಆ ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಕಿಟಕಿಯ ಮುಂದೆ ನಿಂತಿದ್ದ. ಎಲೆಅಡಿಕೆಯ ಸಂಚಿಯಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು, ಎರಡೂ ಕೈಯಲ್ಲಿ ಆಕೆಗೆ ಕೊಟ್ಟ.

"ನಂಬರು ಬಂದಿತ್ತು ತಾಯಿ. ಶುಕ್ರವಾರ ದಿಬ್ಬ ಹತ್ತಿದಾಗ ಫೋನು ಟಣ್ ಅಂತು. ಅಂಗಡಿಯೋನ ತಾವ ಬರೆಸ್ಕೊಂಡು ಜ್ವಾಪಾನ ಮಾಡಿ ತಂದೀನಿ. ನನ್ ಮಗಳ್ದು ಇದ್ರಾಗೆ ಹಾಕ್ಬಿಡ್ರಿ."

ಆರು ಅಂಕಿ, ನೀಲಿ ಪೆನ್ನಿನಲ್ಲಿ, ದುಂಡಗೆ ಬರೆದಿತ್ತು. ಸತ್ತು ಮೂರು ದಿನವಾದ ಓಟಿಪಿ. ಸಾಲಿನಲ್ಲಿದ್ದ ಹುಡುಗರು ಘೊಳ್ಳೆಂದು ನಕ್ಕರು. ಏನೋ ಕೇಳಲು ಹೋಗಿದ್ದ ನಾನೂ ನಕ್ಕೆ. ಆಕೆ ನಗಲಿಲ್ಲ. ಚೀಟಿ ನೋಡಿದಳು, ಅವನ ಮುಖ ನೋಡಿದಳು, ಎದ್ದು ನಿಂತಳು.

"ನಗೋರೆಲ್ಲ ಆಕಡೆ ಹೋಗ್ರಲೇ! ಯಜಮಾನ್ರೇ, ನೀವು ಇವತ್ತು ಬಂದ್ರಾ, ನಿನ್ನೆ ಬಂದ್ರಾ?"

"ನಿನ್ನೆ ಸಂತೆಗೆ ಬಂದಿದ್ದೆ ತಾಯಿ. ಇಲ್ಲಿ ಬೀಗ ಇತ್ತು. ಬೀಗರ ಮನ್ಯಾಗೆ ಉಳ್ಕೊಂಡೆ."

"ಎಲ್ಲಾ ಭಾನುವಾರ ಸಂತೆಗೆ ಬರ್ತೀರಾ? ಫೋನು ತರ್ತೀರಾ?"

"ಫೋನು ಬಿಟ್ಟು ಹೆಂಗ್ ಬರಾಕಾಗ್ತತೆ?"

ಅಷ್ಟೇ. ಅವತ್ತು ಮಗಳನ್ನು ಕರೆಸಿ, ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ಹೊಸ ಓಟಿಪಿ ತರಿಸಿದಳು. ಆರು ಅಂಕಿಯನ್ನು ಅಪ್ಪನ ಕೈಯಿಂದಲೇ ಒತ್ತಿಸಿದಳು. ಆಕೆಯ ಕೈ ಬೆನ್ನ ಹಿಂದೆ. 'ಐದು ಯಾವುದು ಅಂತ ಮಗಳು ತೋರಿಸ್ತಾಳೆ, ನೀವು ಒತ್ರಿ.' ಅರ್ಜಿ ಹೋಯಿತು. ಮುಂದಿನ ಭಾನುವಾರದಿಂದ ಬೆಳಿಗ್ಗೆ ಹತ್ತರಿಂದ ಎರಡರ ತನಕ ಆಕೆ ಕೋಣೆಯ ಬೀಗ ತೆಗೆಯತೊಡಗಿದಳು. ಕೂಲಿ ಕೇಳಲಿಲ್ಲ, ಬದಲಿ ರಜೆ ಕೇಳಲಿಲ್ಲ. ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಬರುತ್ತಿದ್ದಳು. ಅದೊಂದೇ ರಜೆ ಆಕೆಗೂ ಇದ್ದದ್ದು.

ನಾನು ಒಂದು ಭಾನುವಾರ ತರಕಾರಿ ಚೀಲ ಹಿಡಿದು ಅಲ್ಲಿಗೆ ಹೋಗಿದ್ದೆ. ಗೇಟಿಗೆ ಎರಡು ಟಗರು ಕಟ್ಟಿತ್ತು. ಬೆಂಚಿನ ಮೇಲೆ, ಕಟ್ಟೆಯ ಮೇಲೆ, ನೆಲದ ಮೇಲೆ ಅಪ್ಪಂದಿರು, ಅಣ್ಣಂದಿರು, ಮಕ್ಕಳ ಫೋನು ನಂಬರಿನ ಒಡೆಯರು. ಒಬ್ಬ ತೆಲುಗಿನ ಅವ್ವ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಕೂತವಳು ಒಮ್ಮೆಲೇ 'ಒಚ್ಚಿಂದಿ! ಒಚ್ಚಿಂದಿ!' ಎಂದು ಕೂಗಿದಳು. ಬಂತು ಬಂತು ಎಂದು. ಮರದ ಕೆಳಗಿದ್ದವರೆಲ್ಲ ತಮ್ಮ ಮನೆಗೇ ಬಂದ ಹಾಗೆ ತಿರುಗಿ ನೋಡಿದರು. ನಾನು ನನ್ನ ಫೋನಿನಲ್ಲಿ ಒಂದು ಫೋಟೊ ತೆಗೆದೆ. ಕಂಬಳಿಯ ಅಪ್ಪ, ಪಕ್ಕದಲ್ಲಿ ಮಗಳು, ಹಿಂದೆ ಕೈಕಟ್ಟಿ ನಿಂತ ಆಕೆ.

ಒಂದು ವರ್ಷಕ್ಕೂ ಮೇಲೆ ಹೀಗೆ ನಡೆಯಿತು. ಆಮೇಲೆ ಮುಖ್ಯ ಕ್ಯಾಂಪಸ್ಸಿನಿಂದ ಹೆಲ್ಪ್‌ಡೆಸ್ಕ್ ಬಂತು. ಇನ್ನು ಮೇಲೆ ತೊಂದರೆ ಇದ್ದವರು ಇಂಗ್ಲಿಷಿನ ಪುಟವೊಂದರಲ್ಲಿ ದೂರು ತುಂಬಬೇಕು, ಎಲ್ಲೋ ಕೂತವರು ಉತ್ತರ ಕೊಡುತ್ತಾರೆ. ಉತ್ತರ ಬಂದ ಕೂಡಲೇ ದೂರು ಮುಗಿದಂತೆ. 'ದಯವಿಟ್ಟು ನೋಂದಾಯಿತ ನಂಬರಿಗೆ ಬಂದ ಓಟಿಪಿ ಬಳಸಿ' ಎಂಬುದೇ ಉತ್ತರ. ಕಿಟಕಿಯ ಸಾಲಿಗೆ ಬರಬೇಡಿ ಎಂದು ನಿರ್ದೇಶಕರು ಬೋರ್ಡು ಹಾಕಿಸಿದರು. ಸಾಲು ಕರಗಲಿಲ್ಲ. ಇಲ್ಲಿ ಬಂದರೆ ಕೆಲಸವಾಗುತ್ತಿತ್ತಲ್ಲ, ಯಾಕೆ ಕರಗುತ್ತದೆ? ಅದು ಅವರ ಕಣ್ಣಿಗೆ ಚುಚ್ಚಿತು. ಯಾರೋ ಭಾನುವಾರದ ಟಗರಿನ ವಿಷಯವನ್ನೂ ಅವರ ಕಿವಿಗೆ ಹಾಕಿದರು.

ನನ್ನನ್ನು ಕರೆದು ನೋಟಿಸು ಬರೆಸಿದರು. ಅನುಮತಿ ಇಲ್ಲದೆ ರಜಾದಿನ ಸರ್ಕಾರಿ ಕಟ್ಟಡದ ಬೀಗ ತೆಗೆದದ್ದು, ಹೊರಗಿನವರನ್ನು ಸೇರಿಸಿದ್ದು, ಆವರಣದಲ್ಲಿ ಪ್ರಾಣಿ ಕಟ್ಟಿಸಿದ್ದು. 'ಹೊರಗಿನವರು' ಅಂದರೆ ನಮ್ಮ ವಿದ್ಯಾರ್ಥಿಗಳ ತಂದೆತಾಯಿ! ನಾನು ಒಂದು ಮಾತು ಹೇಳಬಹುದಿತ್ತು. ಸಾರ್, ನಾನೇ ಹೋಗಿ ನೋಡಿದ್ದೇನೆ, ಒಳ್ಳೆಯ ಕೆಲಸ ಎನ್ನಬಹುದಿತ್ತು. ನಾಲಿಗೆ ಬಿದ್ದುಹೋಗಿತ್ತೇ ನನಗೆ? ನಿವೃತ್ತಿಗೆ ನಾಲ್ಕು ವರ್ಷ ಇತ್ತು, ನನಗ್ಯಾಕೆ ಬೇಕು ಅಂದುಕೊಂಡೆ. ಟೈಪ್ ಮಾಡಿದೆ. ಆಕೆಯ ಹೆಸರು, ತಂದೆಯ ಹೆಸರು, ಊರು, ಎಲ್ಲ ಸರಿಯಾಗಿದೆಯೇ ಎಂದು ಎರಡು ಸಲ ನೋಡಿದೆ ಕೂಡ.

ನಿರ್ದೇಶಕರ ಕೋಣೆಯಲ್ಲಿ ಆಕೆ ಕೂರಲಿಲ್ಲ, ಕೂರಲು ಯಾರೂ ಹೇಳಲೂ ಇಲ್ಲ. ಅವತ್ತೂ ಕೈ ಬೆನ್ನ ಹಿಂದೆಯೇ ಇತ್ತು. ಅವರಿಗೆ ಅದು ಉದ್ಧಟತನ ಅನ್ನಿಸಿತೋ ಏನೋ.

"ಬೀಗ ತೆಗೆದದ್ದು ನಿಜವೋ ಸುಳ್ಳೋ?"

"ನಿಜ ಸಾರ್. ಅವರು ಬರೋದೇ ಭಾನುವಾರ. ಅವರು ಬಂದಾಗ ತೆಗೀದೆ ಇನ್ಯಾವಾಗ ತೆಗೀಲಿ?"

"ವ್ಯವಸ್ಥೆಗೆ ಜನ ಹೊಂದಿಕೊಳ್ಳಬೇಕಮ್ಮ. ಒಬ್ಬೊಬ್ಬರಿಗೂ ಒಂದೊಂದು ಬಾಗಿಲು ತೆಗೆಯಲಿಕ್ಕೆ ಇದು ಛತ್ರವಲ್ಲ."

"ಛತ್ರದಾಗೆ ಆದ್ರೂ ಬಂದೋರ್ನ ಯಾಕ್ ಬಂದ್ರಿ ಅಂತ ಕೇಳಲ್ಲ ಸಾರ್."

ಆ ಮಾತಿಗೆ ಆಕೆಯ ಕೆಲಸ ಹೋಯಿತು. ಕೆಲಸದಿಂದ ತೆಗೆದ ಕಾಗದದಲ್ಲಿ ಮಾತ್ರ 'ಬಳಕೆ ಕಡಿಮೆಯಾದ ಕಾರಣ' ಎಂದಿತ್ತು. ಆ ಕಡಿಮೆ ಬಳಕೆಯ ಲೆಕ್ಕ ನಾನು ಕಳಿಸಿದ್ದೇ. ಕಿಟಕಿಯವರನ್ನು ಬಿಟ್ಟು ಎಣಿಸಿದ್ದೆನಲ್ಲ, ಅದು. ಹೊರಗುತ್ತಿಗೆಯವರಿಗೆ ಬೀಳ್ಕೊಡುಗೆ ಇರುವುದಿಲ್ಲ, ಹಾರ ಇರುವುದಿಲ್ಲ. ಸಂಜೆ ರಿಜಿಸ್ಟರು, ಬೀಗದಕೈ ನನ್ನ ಮೇಜಿನ ಮೇಲಿಟ್ಟಳು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಕಿಟಕಿ ಚಿಲಕ ಸಡಿಲ ಐತೆ ಮೇಡಂ. ಮಳೆ ಬಂದ್ರೆ ಇರಚಲು ಒಳಗೆ ಬರ್ತೈತೆ, ಒಂದ್ ಕಾಗದ ಮಡಚಿ ಸಿಗ್ಸಿ" ಎಂದು ಹೇಳಿ ಬಸ್ಸಿಗೆ ಹೋದಳು.

ಈಗ ಮೌಲ್ಯಮಾಪನ. ವರದಿಯಲ್ಲಿ 'ನಮ್ಮ ಉತ್ತಮ ಪದ್ಧತಿ' ಎಂಬ ಒಂದು ಪುಟ ತುಂಬಲೇಬೇಕು. ನಮ್ಮಲ್ಲಿ ಏನಿತ್ತು ಮಣ್ಣು? ನಿರ್ದೇಶಕರು ಒಂದು ವಾರ ತಲೆ ಕೆರೆದುಕೊಂಡು, ಕೊನೆಗೆ ನನ್ನನ್ನು ಕರೆದು ನಾಚಿಕೆಯಿಲ್ಲದೆ ಕೇಳಿದರು. 'ಆ ಭಾನುವಾರದ್ದು ಒಂದಿತ್ತಲ್ಲ ಮೇಡಂ, ಫೋಟೊ ಇದೆಯಾ?' ಇತ್ತು. ಕೊಟ್ಟೆ. 'ಹಿಂದೆ ನಿಂತಿರೋರು ಬೇಡ, ಈಗ ಸಿಬ್ಬಂದಿಯಲ್ಲಿ ಇಲ್ಲವಲ್ಲ, ಪ್ರಶ್ನೆ ಬರುತ್ತೆ' ಅಂದರು. ಕತ್ತರಿಸಿದೆ. ಎಷ್ಟೇ ಕತ್ತರಿಸಿದರೂ, ಮಗಳ ಭುಜದ ಪಕ್ಕ ಒಂದು ಮೊಣಕೈ ಉಳಿದುಬಿಟ್ಟಿತು. ಅದನ್ನೂ ತೆಗೆದರೆ ಮಗಳ ಮುಖ ಹೋಗುತ್ತಿತ್ತು. ಮೌಲ್ಯಮಾಪನದ ಹಿರಿಯರು 'ಬಹಳ ಚೆನ್ನಾಗಿದೆ' ಎಂದಾಗ ನಾನು ನೋಡುತ್ತಿದ್ದದ್ದು ಆ ಮೊಣಕೈಯನ್ನು.

ಮುಂದಿನ ಭಾನುವಾರವೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ವರದಿಯಲ್ಲಿ ತಿದ್ದುಪಡಿಗೆ ಇನ್ನೂ ಹತ್ತು ದಿನವಿತ್ತು. ಹೋಗಿ ಹೇಳುತ್ತೇನೆ, ಆಕೆಯ ಹೆಸರು ಸೇರಿಸಿ ಕಳಿಸುತ್ತೇನೆ, ನಿರ್ದೇಶಕರು ಏನಾದರೂ ಮಾಡಿಕೊಳ್ಳಲಿ, ನನ್ನ ನಿವೃತ್ತಿಗೂ ಇನ್ನು ಎರಡೇ ವರ್ಷ ಎಂದು ದಾರಿಯುದ್ದಕ್ಕೂ ಪೌರುಷ ಕೊಚ್ಚಿಕೊಂಡೆ. ಈ ಪೌರುಷ ಎರಡು ವರ್ಷ ಎಲ್ಲಿ ಸತ್ತಿತ್ತೋ!

ಮಗ್ಗದಲ್ಲಿ ಅವ್ವ ನೇಯುತ್ತಿದ್ದರು. ಆಕೆ ಪಕ್ಕದಲ್ಲಿ ಕೂತು ಲಾಳಿಯ ಕಂಡಿಕೆಗೆ ರೇಷ್ಮೆಯ ಎಳೆ ಸುತ್ತುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು. ಕಾವಲಿನ ಆ ಹುಡುಗಿ ಈಗ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳಂತೆ, ಸ್ವಂತ ನಂಬರಿನಿಂದ ಫೋನು ಮಾಡಿದ್ದಳಂತೆ. ಅದನ್ನು ಹೇಳಿ ನಕ್ಕಳು. ನಾನು ವರದಿಯ ಪುಟ ತೆಗೆದು ತೋರಿಸಿ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿಯೇ ಏರಿತು. 'ಕಳ್ಳರು, ಹಗಲು ಕಳ್ಳರು!' ಅಂದೆ. ಅವ್ವ ಮಗ್ಗ ನಿಲ್ಲಿಸಿ ನನ್ನನ್ನೇ ನೋಡಿದರು.

ಆಕೆ ಫೋಟೊ ನೋಡಿದಳು. ಮೊಣಕೈಯ ಮೇಲೆ ಬೆರಳಿಟ್ಟಳು.

"ಈಗ ಭಾನುವಾರ ತೆಗೀತಾರಾ ಮೇಡಂ?"

"ಇಲ್ಲಮ್ಮ."

"ಒಂದ್ ಭಾನುವಾರನೂ?"

"ಇಲ್ಲ. ನೀನು ಹೋದ ಮೇಲೆ ಒಂದೂ ಇಲ್ಲ."

"ಮತ್ತೆ ಇದ್ರಾಗೆ ತೆಗೀತೀವಿ ಅಂತ ಬರ್ದೈತೆ."

ನಾನು ಹೆಸರು ಸೇರಿಸುವ ಮಾತು ಎತ್ತಿದೆ. ಅದಕ್ಕೇ ಬಂದಿದ್ದೇನೆ, ಒಂದು ಸಲ ಹೂಂ ಅನ್ನು ಎಂದೆ. ಆಕೆಗೆ ಸಿಟ್ಟು ಬಂತು. ಅಷ್ಟು ವರ್ಷದಲ್ಲಿ ನನ್ನ ಮೇಲೆ ಬಂದ ಮೊದಲ ಸಿಟ್ಟು.

"ಬ್ಯಾಡ. ಸುಳ್ಳಿನ ಕೆಳಗೆ ನನ್ನ ಹೆಸ್ರು ಹಾಕ್ಬ್ಯಾಡ್ರಿ. ಆ ನೋಟಿಸು ಕೊಟ್ಟಿದ್ರಲ್ಲ, ಅದ್ರಾಗೆ ಬರ್ದಿರೋದು ನಿಜ. ಬೀಗ ತೆಗ್ದಿದ್ದೆ. ಜನ ಬಂದಿದ್ರು. ಟಗರು ಕಟ್ಟಿದ್ರು. ನನ್ನ ಹೆಸ್ರು ಅಲ್ಲೇ ಇರ್ಲಿ."

ಮತ್ತೆ ಕೂತು ಎಳೆ ಸುತ್ತತೊಡಗಿದಳು. ಅವ್ವ ಮಗ್ಗ ಶುರುಮಾಡಿದರು. ನಾನು ಪುಟವನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಅದಕ್ಕೇ ಇಲ್ಲಿಯೂ ಹೆಸರು ಬರೆದಿಲ್ಲ. ಬೇಕಾದವರು ನನ್ನ ಕಪಾಟಿನ ಎರಡನೆಯ ಖಾನೆಯಲ್ಲಿರುವ ಆ ನೋಟಿಸನ್ನು ಬಂದು ನೋಡಬಹುದು. ನಾನೇ ಟೈಪ್ ಮಾಡಿದ್ದು, ಹೆಸರಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.